ಕೋಟೆಯೊಳಗಿನ ಇಗರ್ಜಿ, ಅಂಗಳದ ಕಲ್ಲುಗಳು

ಹೈಸ್ಕೂಲಿನಲ್ಲಿ ಇತಿಹಾಸ ಬೋಧಿಸುತ್ತಿದ್ದಷ್ಟು ಕಾಲವೂ ಮೈಸೂರು ಯುದ್ಧಗಳ ಪಾಠವನ್ನು ನಾನು ಒಂದೇ ಕ್ರಮದಲ್ಲಿ ಮಾಡುತ್ತ ಬಂದೆ. ಕಾರಣಗಳು, ಘಟನೆಗಳು, ಒಪ್ಪಂದದ ಷರತ್ತುಗಳು, ಪರಿಣಾಮಗಳು. ಕಪ್ಪುಹಲಗೆಯ ಮೇಲೆ ನಾಲ್ಕು ಅಂಕಣಗಳನ್ನೆಳೆದು ನಾಲ್ಕು ಯುದ್ಧಗಳನ್ನೂ ಅವುಗಳಲ್ಲಿ ತುಂಬಿಸಿದರೆ ಪರೀಕ್ಷೆಯ ಮಟ್ಟಿಗೆ ಕೆಲಸ ಮುಗಿಯುತ್ತಿತ್ತು. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಹೈದರಾಲಿ ಮದ್ರಾಸಿನ ಬಾಗಿಲಿಗೆ ಬಂದಾಗ ಒಳಗಿದ್ದವರು ಏನು ಮಾಡುತ್ತಿದ್ದರು, ಸಾರ್?’ ಎಂದು ಕೇಳಿದ. ‘ಹೆದರಿ ಒಪ್ಪಂದ ಮಾಡಿಕೊಂಡರು, ಕೂತ್ಕೋ’ ಎಂದು ಹೇಳಿ ಮುಂದಿನ ಅಂಕಣಕ್ಕೆ ಹೋದೆ. ಆ ಪ್ರಶ್ನೆಗೆ ಅದಕ್ಕಿಂತ ಮೇಲಾದ ಉತ್ತರವೊಂದು ಇದ್ದಿತೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಮಗಳ ಮನೆಗೆಂದು ಚೆನ್ನೈಗೆ ಹೋಗಿದ್ದಾಗ. ಅದೂ ಒಂದು ಇಗರ್ಜಿಯ ಅಂಗಳದಲ್ಲಿ.

ಅದು ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು. ಭಾರತದಲ್ಲಿ ಉಳಿದುಬಂದಿರುವ ಆಂಗ್ಲಿಕನ್ ಚರ್ಚುಗಳಲ್ಲಿ ಅತ್ಯಂತ ಹಳೆಯದು. ಇಂಗ್ಲೆಂಡಿನ ರಾಜನನ್ನೇ ಲೌಕಿಕ ಮುಖ್ಯಸ್ಥನನ್ನಾಗಿ ಒಪ್ಪಿಕೊಂಡ ಕ್ರೈಸ್ತ ಪಂಥಕ್ಕೆ ಆಂಗ್ಲಿಕನ್ ಎಂದು ಹೆಸರೆಂಬುದನ್ನು ಓದುಗರು ಬಲ್ಲರು. ಈಸ್ಟ್ ಇಂಡಿಯಾ ಕಂಪನಿಯವರು ಮದ್ರಾಸಿನ ಮರಳದಂಡೆಯಲ್ಲಿ ಜಾಗ ಪಡೆದದ್ದು 1639ರಲ್ಲಿ. ಕೋಟೆಯ ಕೆಲಸ ಆರಂಭವಾದದ್ದು ಮರುವರ್ಷ. ಆದರೆ ಮುಂದಿನ ಸುಮಾರು ನಾಲ್ಕು ದಶಕಗಳವರೆಗೆ ಅವರಿಗೊಂದು ಚರ್ಚು ಇರಲಿಲ್ಲ. ಕಂಪನಿಯ ಕಟ್ಟಡದ ಊಟದ ಕೋಣೆಯಲ್ಲಿಯೇ ಪ್ರಾರ್ಥನೆ ನಡೆಯುತ್ತಿತ್ತು. ವ್ಯಾಪಾರಕ್ಕೆಂದು ಬಂದವರಿಗೆ ಗೋದಾಮು ಮೊದಲು, ದೇವರು ಆಮೇಲೆ.

ಈ ಕೊರತೆಯನ್ನು ನೀಗಿದವನು ಸ್ಟ್ರೇನ್‌ಷ್ಯಾಮ್ ಮಾಸ್ಟರ್ ಎಂಬ ಗವರ್ನರ್. ಕಂಪನಿಯ ಹಣಕ್ಕೆ ಕೈಯೊಡ್ಡದೆ, ಕೋಟೆಯಲ್ಲಿದ್ದ ಇಂಗ್ಲಿಷರಿಂದಲೇ ಆತ ಚಂದಾ ಎತ್ತಿದನು. ತಾನು ನೂರು ಪಗೋಡಾ ಕೊಟ್ಟನು. ಪಗೋಡಾ ಎಂದರೆ ಬೇರೇನೂ ಅಲ್ಲ, ನಮ್ಮ ವಿಜಯನಗರದ ಅರಸರ ಕಾಲದಿಂದ ನಡೆದುಬಂದ ವರಾಹವೇ. 1678ರ ಮಾರ್ಚ್ 25ರಂದು, ಅಂದರೆ ಮೇರಿ ಮಾತೆಗೆ ದೇವದೂತನು ಶುಭವಾರ್ತೆ ತಿಳಿಸಿದ ಹಬ್ಬದ ದಿನ, ಕೆಲಸ ಆರಂಭವಾಯಿತು. ಚರ್ಚಿಗೆ ಮೇರಿಯ ಹೆಸರು ಬಂದದ್ದು ಹೀಗೆ. 1680ರ ಅಕ್ಟೋಬರ್ 28ರಂದು ಪ್ರತಿಷ್ಠಾಪನೆ ನಡೆಯಿತು.

ಕಟ್ಟಡದ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮುಂದಿನ ಕಥೆಯೆಲ್ಲ ಅದರಲ್ಲಿಯೇ ಅಡಗಿದೆ. ಹೊರಗಿನ ಗೋಡೆಗಳು ನಾಲ್ಕು ಅಡಿ ದಪ್ಪ. ಮಾಳಿಗೆ ಚಪ್ಪಟೆಯಲ್ಲ. ಎತ್ತಿನಗಾಡಿಯ ಕಮಾನಿನಂತೆ ಬಾಗಿದ ಮೂರು ಇಟ್ಟಿಗೆ ಗಾರೆಯ ಕಮಾನುಗಳು ಒಂದರ ಪಕ್ಕದಲ್ಲಿ ಒಂದಾಗಿ ಇಡೀ ಕಟ್ಟಡವನ್ನು ಮುಚ್ಚಿವೆ. ಅವುಗಳ ದಪ್ಪವೂ ಅಡಿಗಳ ಲೆಕ್ಕದ್ದೇ. ಮಾಳಿಗೆಗೆ ತೊಲೆ, ಜಂತೆ ಎಂದು ಮರದ ತುಂಡೊಂದನ್ನೂ ಬಳಸಿಲ್ಲ. ಗುಂಡು ಬಿದ್ದರೆ ಜಾರಿ ಹೋಗಬೇಕು, ಬೆಂಕಿ ಬಿದ್ದರೆ ಹತ್ತಿಕೊಳ್ಳಬಾರದು, ಗೆದ್ದಲು ಹಿಡಿಯಬಾರದು, ಸಮುದ್ರದ ಚಂಡಮಾರುತಕ್ಕೆ ಕದಲಬಾರದು, ಇದು ಕಟ್ಟಿದವನ ಲೆಕ್ಕಾಚಾರ. ವಿನ್ಯಾಸ ಕೋಟೆಯ ಫಿರಂಗಿದಳದವನದೇ ಎಂದು ನಂಬಿಕೆ. ಒಳಗೆ ನಿಂತು ಕತ್ತೆತ್ತಿ ನೋಡಿದಾಗ ಅದು ನಿಜವೆಂದೇ ತೋರುತ್ತದೆ. ಬಿಳಿಯ ಗಾರೆಯ ನುಣುಪು, ಬಣ್ಣದ ಗಾಜು, ಕೆತ್ತನೆಯ ಪೀಠಗಳು ಎಲ್ಲವೂ ಇವೆ. ಆದರೂ ಅದು ಮೂಲತಃ ದೇವರ ಹೆಸರಿನಲ್ಲಿ ಕಟ್ಟಿದ ಒಂದು ಮದ್ದಿನ ಮನೆ. ನಮ್ಮ ಹೊಯ್ಸಳರ ಶಿಲ್ಪಿ ದೇವಸ್ಥಾನ ಕಟ್ಟುವಾಗ ಕಣ್ಣಿಗೆ ಏನು ಬೇಕೆಂದು ಯೋಚಿಸಿದ್ದರೆ, ಈತ ಹೊರಗಿನಿಂದ ಏನು ಬಂದು ಬೀಳಬಹುದೆಂದು ಯೋಚಿಸಿದ್ದಾನೆ.

ಅಂತಹ ಕಮಾನಿನ ಕೆಳಗೆ ಸಾಮಾನ್ಯ ಮನುಷ್ಯರ ಬದುಕೂ ನಡೆಯಿತು. ಚರ್ಚಿನ ದಾಖಲೆ ಪುಸ್ತಕದ ಮೊದಲನೆಯ ಮದುವೆ 1680ರ ನವೆಂಬರ್ 4ರಂದು ನಡೆದ ಎಲಿಹು ಯೇಲನದು. ವಧು ಕ್ಯಾಥರೀನ್ ಹಿನ್ಮರ್ಸ್ ಎಂಬ ವಿಧವೆ. ಆತ ಮುಂದೆ ಇಲ್ಲಿಯ ಗವರ್ನರನಾಗಿ ಅಪಾರ ಹಣ ಗಳಿಸಿದನು. ಅದರಲ್ಲೊಂದು ಪಾಲನ್ನು ದಾನ ಪಡೆದ ಅಮೆರಿಕದ ಕಾಲೇಜೊಂದು 1718ರಲ್ಲಿ ಅವನ ಹೆಸರನ್ನು ಇಟ್ಟುಕೊಂಡಿತು. ಅದೇ ಇಂದಿನ ಯೇಲ್ ವಿಶ್ವವಿದ್ಯಾಲಯ. 1753ರ ಫೆಬ್ರವರಿ 18ರಂದು ರಾಬರ್ಟ್ ಕ್ಲೈವನು ಮಾರ್ಗರೆಟ್ ಮ್ಯಾಸ್ಕಲಿನ್‌ಳ ಕೈಹಿಡಿದದ್ದೂ ಇಲ್ಲಿಯೇ. ಪ್ಲಾಸಿ ಕದನಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದವು.

ಕಟ್ಟಿದವನ ಮುಂದಾಲೋಚನೆ ಸುಳ್ಳಾಗಲಿಲ್ಲ. 1746ರಲ್ಲಿ ಫ್ರೆಂಚರು ಮದ್ರಾಸನ್ನು ಹಿಡಿದರು. 1749ರವರೆಗೆ ಕೋಟೆ ಅವರ ವಶದಲ್ಲಿತ್ತು. ಮತ್ತೆ 1758ರ ಡಿಸೆಂಬರಿನಲ್ಲಿ ಲಾಲಿ ಎಂಬ ಫ್ರೆಂಚ್ ಸೇನಾನಿ ಮುತ್ತಿಗೆ ಹಾಕಿ, 1759ರ ಫೆಬ್ರವರಿಯಲ್ಲಿ ಇಂಗ್ಲಿಷರ ಹಡಗುಗಳು ಕಾಣಿಸಿಕೊಳ್ಳುವವರೆಗೂ ಕೋಟೆಯ ಮೇಲೆ ಗುಂಡು ಸುರಿಸಿದನು. ಚರ್ಚು ನಿಂತೇ ಇತ್ತು. ಇಂಗ್ಲಿಷರ ಹಳೆಯ ಸ್ಮಶಾನಕ್ಕೆ ಮಾತ್ರ ಉಳಿಗಾಲವಿರಲಿಲ್ಲ. ಅದು ಕೋಟೆಯ ಹೊರಗೆ, ಮುಂದೆ ಲಾ ಕಾಲೇಜು ಎದ್ದ ಜಾಗದಲ್ಲಿತ್ತು. ಅಲ್ಲಿದ್ದ ಎತ್ತರದ ಗೋರಿಗಳ ಮರೆಯಲ್ಲಿ ಫ್ರೆಂಚ್ ಸೈನಿಕರು ಅಡಗಿ ಕುಳಿತದ್ದನ್ನು ಕಂಡಿದ್ದ ಇಂಗ್ಲಿಷರು, ಮತ್ತೊಮ್ಮೆ ಶತ್ರುವಿಗೆ ಆ ಅನುಕೂಲ ಸಿಗಬಾರದೆಂದು ತಮ್ಮ ಪೂರ್ವಿಕರ ಗೋರಿಗಳನ್ನು ತಾವೇ ಕೆಡವಿದರು. ಯೇಲನ ಮಗುವಿನದೂ ಅವನ ಹೆಂಡತಿಯ ಮೊದಲ ಗಂಡನದೂ ಉಳಿದವು. ಮಿಕ್ಕ ಗೋರಿಗಳ ಹೆಸರು ಕೆತ್ತಿದ ಚಪ್ಪಡಿಗಳನ್ನು ತಂದು ಸೇಂಟ್ ಮೇರಿ ಚರ್ಚಿನ ಸುತ್ತ ಅಂಗಳಕ್ಕೆ ಹಾಸಿದರು.

ನಾನು ಅಂದು ನಿಂತಿದ್ದು ಆ ಚಪ್ಪಡಿಗಳ ಮೇಲೆ. ನೂರಕ್ಕೂ ಹೆಚ್ಚು ಕಲ್ಲುಗಳಿವೆ. ಕೆಲವದರಲ್ಲಿ ಲ್ಯಾಟಿನ್, ಕೆಲವದರಲ್ಲಿ ಇಂಗ್ಲಿಷ್. ಅಕ್ಷರಗಳು ಬಹಳ ಕಡೆ ಸವೆದಿವೆ. ಅತ್ಯಂತ ಹಳೆಯದು 1652ರದು, ಎಲಿಜಬೆತ್ ಬೇಕರ್ ಎಂಬಾಕೆಯದು. ಚರ್ಚಿಗಿಂತ ಇಪ್ಪತ್ತೆಂಟು ವರ್ಷ ಹಿರಿಯ ಕಲ್ಲು ಚರ್ಚಿನ ಅಂಗಳಕ್ಕೆ ಹೇಗೆ ಬಂತೆಂಬ ಒಗಟು ಮೇಲಿನ ವೃತ್ತಾಂತ ತಿಳಿದರೆ ಬಿಡಿಸಿಕೊಳ್ಳುತ್ತದೆ. ಅಡಿಯಲ್ಲಿ ಯಾರೂ ಇಲ್ಲ; ಹೆಸರು ಮಾತ್ರ ಇದೆ. ಕಾಲಿಡಲು ನನಗೆ ಸಂಕೋಚವಾಯಿತು, ಆದರೆ ಚರ್ಚಿನ ಬಾಗಿಲಿಗೆ ಹೋಗಲು ಬೇರೆ ದಾರಿಯಿರಲಿಲ್ಲ.

ಈ ಕಲ್ಲುಗಳ ಪ್ರಯಾಣ ಅಲ್ಲಿಗೆ ಮುಗಿಯಲಿಲ್ಲ. 1782ರಲ್ಲಿ ಅವುಗಳನ್ನು ಮತ್ತೊಮ್ಮೆ ಕಿತ್ತರು. ಈ ಬಾರಿ ಕೋಟೆಯ ಕೊತ್ತಲಗಳ ಮೇಲಕ್ಕೆ ಸಾಗಿಸಿ, ಅವುಗಳ ಮೇಲೆ ಫಿರಂಗಿಗಳನ್ನು ಕೂರಿಸಿದರು. ಯಾರಿಗೆ ಹೆದರಿ? ಹೈದರಾಲಿಗೆ. ಗಾಲಿಯುಳ್ಳ ಫಿರಂಗಿ ಗುಂಡು ಹಾರಿಸಿದಾಗ ಹಿಂದಕ್ಕೆ ಒದೆಯುತ್ತದೆ; ಮರಳು ನೆಲದಲ್ಲಿ ಹೂತುಹೋಗುತ್ತದೆ. ಅದಕ್ಕೆ ಗಟ್ಟಿ ಹಾಸುಗಲ್ಲು ಬೇಕು. ಸಿದ್ಧವಾಗಿ ಕೈಗೆ ಸಿಕ್ಕಿದ ಹಾಸುಗಲ್ಲು ಸತ್ತವರ ಹೆಸರುಗಳಾಗಿದ್ದವು. ಅಪಾಯ ಕಳೆದ ಮೇಲೆ ಅವು ಮತ್ತೆ ಅಂಗಳಕ್ಕೆ ಬಂದವು, ಬರುವಾಗ ಎಲ್ಲವೂ ಹೋದಂತೆಯೇ ಬರಲಿಲ್ಲ.

ಇದನ್ನು ತಿಳಿದಾಗ ನನ್ನ ಮನಸ್ಸಿಗೆ ಬಂದದ್ದು ಆ ಒಂಬತ್ತನೆಯ ತರಗತಿಯ ಹುಡುಗನ ಪ್ರಶ್ನೆ. ಒಳಗಿದ್ದವರು ಏನು ಮಾಡುತ್ತಿದ್ದರು? ತಮ್ಮ ಅಜ್ಜ ಅಜ್ಜಿಯರ ಗೋರಿಯ ಕಲ್ಲನ್ನು ಕಿತ್ತು ಫಿರಂಗಿಯ ಕೆಳಗಿಡುತ್ತಿದ್ದರು. ಭಯವೆಂದರೆ ಏನೆಂದು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. 1769ರಲ್ಲಿ ಹೈದರನು ಕೋಟೆಯಿಂದ ಹತ್ತು ಮೈಲಿಯೊಳಗಿನ ಸೇಂಟ್ ಥಾಮಸ್ ಬೆಟ್ಟಕ್ಕೆ ಬಂದು ಒಪ್ಪಂದ ಬರೆಸಿಕೊಂಡು ಹೋಗಿದ್ದನು. ಮೈಸೂರಿನ ಮೇಲೆ ಯಾರಾದರೂ ದಂಡೆತ್ತಿ ಬಂದರೆ ನೆರವಾಗುವೆವೆಂದು ಅದರಲ್ಲಿ ಒಪ್ಪಿದ್ದ ಇಂಗ್ಲಿಷರು, ಮರಾಠರು ಬಂದಾಗ ಸುಮ್ಮನೆ ಕುಳಿತರು. 1779ರಲ್ಲಿ, ಹೈದರನ ರಕ್ಷಣೆಯಲ್ಲಿದ್ದ ಮಾಹೆಯನ್ನು ಫ್ರೆಂಚರಿಂದ ಕಿತ್ತುಕೊಂಡರು. 1780ರ ಜುಲೈನಲ್ಲಿ ಅವನು ಘಟ್ಟವಿಳಿದನು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನುಚ್ಚುನೂರಾಯಿತು. ಈ ವಾಕ್ಯಗಳನ್ನು ನಾನು ತರಗತಿಯಲ್ಲಿ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಆ ಹೆಮ್ಮೆಗೆ ಈಗಲೂ ಕುಂದಿಲ್ಲ. ಆದರೆ ಆ ಅಂಗಳದಲ್ಲಿ ನಿಂತಾಗ ಅದರ ಪಕ್ಕದಲ್ಲಿ ಇನ್ನೊಂದು ಸಂಗತಿಯೂ ಬಂದು ನಿಂತಿತು.

ಕೋಟೆಯೊಳಗಿದ್ದವರಿಗೆ ನಾಲ್ಕು ಅಡಿ ದಪ್ಪದ ಗೋಡೆಯಿತ್ತು. ಫಿರಂಗಿಯಿತ್ತು, ಅದರ ಅಡಿಗೆ ಹಾಕಲು ಕಲ್ಲಾದರೂ ಇತ್ತು. ಹೊರಗಿನ ಹಳ್ಳಿಗಳ ತಮಿಳು ರೈತನಿಗೆ ಏನಿತ್ತು? ಮದ್ರಾಸಿಗೆ ದವಸ ಸಿಗಬಾರದೆಂದು ಹೈದರನ ಕುದುರೆ ದಂಡು ಸುತ್ತಲಿನ ಸೀಮೆಯನ್ನೇ ಸುಟ್ಟಿತು. ಹಳ್ಳಿಗರು ಗುಳೆ ಎದ್ದು ಮದ್ರಾಸಿಗೆ ಬಂದು ತುಂಬಿಕೊಂಡರು. ಹಿಂದೆಯೇ ಬರಗಾಲ ಬಂತು. 1782ರಲ್ಲಿಯೇ, ಆ ಕಲ್ಲುಗಳು ಕೊತ್ತಲವೇರಿದ ವರ್ಷವೇ, ನಗರದಲ್ಲಿ ಹಸಿದವರಿಗಾಗಿ ಒಂದು ಗಂಜಿಕೇಂದ್ರ ಆರಂಭವಾಯಿತು. ಅದೇ ಮುಂದೆ ಮಣೇಗಾರ ಛತ್ರವೆಂದು ಹೆಸರಾಯಿತು. ಮೂರು ವರ್ಷಗಳ ನಂತರ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎಡ್ಮಂಡ್ ಬರ್ಕ್ ಈ ಸುಡುವಿಕೆಯನ್ನು ವರ್ಣಿಸಿದ್ದು ಪ್ರಸಿದ್ಧವಾಗಿದೆ. ಗಮನಿಸಬೇಕಾದದ್ದೆಂದರೆ, ಆತ ದೂಷಿಸಿದ್ದು ಹೈದರನಿಗಿಂತ ಹೆಚ್ಚಾಗಿ ಅವನನ್ನು ಕೆರಳಿಸಿದ ತನ್ನವರನ್ನೇ. ನನ್ನ ನಾಲ್ಕು ಅಂಕಣಗಳಲ್ಲಿ ಗಂಜಿಗೆ ಕೈಯೊಡ್ಡಿ ನಿಂತವರಿಗೆ ಎಲ್ಲಿಯೂ ಸ್ಥಳವಿರಲಿಲ್ಲ. ‘ಪರಿಣಾಮಗಳು’ ಎಂಬ ಅಂಕಣವಿತ್ತು. ಅದರಲ್ಲಿ ಯಾವ ಕೋಟೆ ಯಾರಿಗೆ ಸೇರಿತೆಂದು ಬರೆಯುತ್ತಿದ್ದೆ.

ಚರ್ಚಿನ ಒಳಗೆ ಹೋದರೆ ಮೈಸೂರಿನ ನೆರಳು ಇನ್ನೂ ದಟ್ಟವಾಗಿದೆ. ಅಮೃತಶಿಲೆಯ ಸ್ಮಾರಕಗಳಲ್ಲಿ ಒಂದು ಕ್ರಿಶ್ಚಿಯನ್ ಫ್ರೆಡರಿಕ್ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿಯದು. ಈತ ತಂಜಾವೂರು, ತಿರುಚಿನಾಪಳ್ಳಿಗಳಲ್ಲಿ ಬಾಳಿ 1798ರಲ್ಲಿ ತೀರಿಕೊಂಡವನು. ಆಂಗ್ಲಿಕನ್ ಪಂಥದವನಲ್ಲ, ಲೂಥರನ್. ಆದರೂ ಕಂಪನಿಯ ನಿರ್ದೇಶಕರು ಅವನಿಗೆ ಈ ಸ್ಮಾರಕ ಮಾಡಿಸಿ ಕಳುಹಿಸಿದರು. 1779ರಲ್ಲಿ, ಯುದ್ಧಕ್ಕೆ ಒಂದು ವರ್ಷ ಮುಂಚೆ, ಮದ್ರಾಸಿನ ಸರ್ಕಾರ ಹೈದರನ ಮನಸ್ಸನ್ನು ತಿಳಿದು ಶಾಂತಿಯ ಮಾತಾಡಿ ಬರಲು ಈತನನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿತ್ತು. ಇಂಗ್ಲಿಷ್ ಅಧಿಕಾರಿಗಳ ಮಾತನ್ನು ನಂಬದ ಹೈದರನು ಈ ಪಾದ್ರಿಯ ಮಾತನ್ನು ನಂಬುತ್ತಿದ್ದನೆಂದು ಪ್ರಸಿದ್ಧಿ. ಅರಮನೆಯಲ್ಲಿ ಆದರದ ಸತ್ಕಾರವೇ ಆಯಿತು. ಹೊರಡುವಾಗ ದಾರಿಯ ಖರ್ಚಿಗೆಂದು ಹೈದರನು ಮುನ್ನೂರು ರೂಪಾಯಿಗಳ ಚೀಲವನ್ನು ಕೊಟ್ಟನು. ಪಾದ್ರಿ ಅದನ್ನು ತಾನಿಟ್ಟುಕೊಳ್ಳದೆ ತಂಜಾವೂರಿನಲ್ಲಿ ಅನಾಥ ಮಕ್ಕಳ ಶಾಲೆಯ ನಿಧಿಗೆ ಹಾಕಿದನು. ಶಾಂತಿಯೇನೋ ಆಗಲಿಲ್ಲ. ಕಳುಹಿಸಿದವರಿಗೇ ಅದು ಬೇಕಿರಲಿಲ್ಲವೋ ಏನೋ. ಆದರೆ ಮರುವರ್ಷ ದಂಡಿನೊಡನೆ ಇಳಿದ ಹೈದರನು, ಈ ಪಾದ್ರಿ ಎಲ್ಲಿ ಓಡಾಡಿದರೂ ತೊಂದರೆ ಕೊಡಕೂಡದೆಂದು ತನ್ನ ಸರದಾರರಿಗೆ ಆಜ್ಞೆ ಮಾಡಿದ್ದನು. ಉರಿಯುತ್ತಿದ್ದ ಸೀಮೆಯಲ್ಲಿ ಒಬ್ಬ ಮನುಷ್ಯನಿಗೆ ದಾರಿ ತೆರೆದಿತ್ತು.

ಇನ್ನೊಂದು ಸ್ಮಾರಕ ಜೋಸಯಾ ವೆಬ್ ಎಂಬವನದು. ಕೆತ್ತಿದವನು ಇಂಗ್ಲೆಂಡಿನ ಹೆಸರಾಂತ ಶಿಲ್ಪಿ ಫ್ಲಾಕ್ಸ್‌ಮನ್. ವೆಬ್ ಮದ್ರಾಸ್ ಸರ್ಕಾರದ ಮುಖ್ಯ ಕಾರ್ಯದರ್ಶಿಯಾಗಿದ್ದನು. 1798ರಲ್ಲಿ ವೆಲ್ಲೆಸ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಆತುರಪಟ್ಟಾಗ, ಬೇಡವೆಂದು ಕಾರಣಗಳನ್ನು ಪಟ್ಟಿಮಾಡಿ ಬರೆದವನು ಈತ. ಆ ಸಲಹೆ ನಡೆಯಲಿಲ್ಲ; 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ವೆಬ್ 1804ರಲ್ಲಿ ತೀರಿಕೊಂಡಾಗ, ಟಿಪ್ಪುವಿನ ಆಳ್ವಿಕೆಯನ್ನೂ ನಂತರದ ಆಳ್ವಿಕೆಯನ್ನೂ ಕಂಡಿದ್ದ ನಮ್ಮ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದ ಸಮೀಪದಲ್ಲಿ ಅವನ ನೆನಪಿಗೆ ಕಲ್ಲುಕಂಬವೊಂದನ್ನು ನಿಲ್ಲಿಸಿದರು. ಒಬ್ಬನೇ ಮನುಷ್ಯನಿಗೆ ಮದ್ರಾಸಿನಲ್ಲಿ ಅಮೃತಶಿಲೆ, ಕಾವೇರಿಯ ಸೀಮೆಯಲ್ಲಿ ಕಲ್ಲುಕಂಬ.

ಕೊನೆಯದು ಸರ್ ಥಾಮಸ್ ಮನ್ರೋ. ಈ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. 1780ರಲ್ಲಿ ಹದಿಹರೆಯದ ಸೈನಿಕನಾಗಿ ಮದ್ರಾಸಿಗೆ ಬಂದಿಳಿದು ಹೈದರನ ವಿರುದ್ಧದ ಯುದ್ಧದಲ್ಲಿಯೇ ಕಣ್ಣುಬಿಟ್ಟವನು. 1799ರ ನಂತರ ನಮ್ಮ ಕರಾವಳಿಯ ಕೆನರಾ ಜಿಲ್ಲೆಗೆ, 1800ರಿಂದ 1807ರವರೆಗೆ ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲಕ್ಕೆ ಕಲೆಕ್ಟರನಾಗಿದ್ದನು. ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಗೆ ಅವನ ಹೆಸರೇ ಅಂಟಿಕೊಂಡಿದೆ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಅವನೊಡನೆ ಮಾತನಾಡಿದರೆಂಬ ಪ್ರತೀತಿಯನ್ನು ನಮ್ಮ ಮನೆಗಳಲ್ಲಿ ಕೇಳದವರು ಕಡಿಮೆ. ಗವರ್ನರನಾದ ಮೇಲೆ 1822ರಲ್ಲಿ, ಪ್ರಾಂತ್ಯದಲ್ಲಿ ಊರೂರಿಗೆ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂಬುದನ್ನು ಎಣಿಸಿ ಕಳುಹಿಸಿರೆಂದು ಕಲೆಕ್ಟರುಗಳಿಗೆ ಬರೆದವನೂ ಈತನೇ. ನಮ್ಮ ಹಳೆಯ ಕೂಲಿಮಠಗಳ ಬಗ್ಗೆ ಇಂದು ನಮಗೆ ಏನಾದರೂ ಲೆಕ್ಕ ಸಿಗುವುದಾದರೆ ಅದಕ್ಕೆ ಆ ಕಾಗದ ಕಾರಣ. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ಗುತ್ತಿಯಲ್ಲಿ ಹೂಳಿದ್ದ ದೇಹಾವಶೇಷವನ್ನು 1831ರಲ್ಲಿ ತಂದು ಈ ಚರ್ಚಿನೊಳಗೆ ಇಟ್ಟರು. ಮೇಷ್ಟರೊಬ್ಬ ಅಲ್ಲಿ ಎರಡು ನಿಮಿಷ ಹೆಚ್ಚು ನಿಂತರೆ ತಪ್ಪಲ್ಲವೆಂದುಕೊಂಡೆ.

ಕಂಪನಿ ಹೋಯಿತು, ರಾಣಿಯ ಆಳ್ವಿಕೆ ಬಂದು ಹೋಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿಯೇ ದಕ್ಷಿಣ ಭಾರತದ ಆಂಗ್ಲಿಕನರೂ ಇತರ ಕೆಲವು ಪಂಥದವರೂ ಒಂದಾಗಿ ದಕ್ಷಿಣ ಭಾರತ ಸಭೆ ಎಂಬ ಹೊಸ ಸಂಘವನ್ನು ಸ್ಥಾಪಿಸಿಕೊಂಡರು, ಸಿ.ಎಸ್.ಐ. ಎಂದು ನಾವು ಊರೂರಲ್ಲಿ ಫಲಕ ನೋಡುವುದು ಅದನ್ನೇ. ಸೇಂಟ್ ಮೇರಿ ಚರ್ಚು ಈಗ ಆ ಸಭೆಗೆ ಸೇರಿದೆ. ಗುಂಡಿಗಾಗಿ ಕಟ್ಟಿದ ಕಮಾನಿನ ಕೆಳಗೆ ನಮ್ಮ ದೇಶದವರೇ ಪ್ರಾರ್ಥನೆ ಮಾಡುತ್ತಾರೆ.

ಮೈಸೂರಿನ ಇತಿಹಾಸ ನೋಡಬೇಕೆಂದರೆ ನಾನು ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುತ್ತಿದ್ದೆ. ದರಿಯಾ ದೌಲತ್ತಿನ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಅದರಲ್ಲಿ ಹೈದರ್, ಟಿಪ್ಪು ಆನೆಯೇರಿ ಬರುತ್ತಿದ್ದಾರೆ. ಬೈಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕುಳಿತಿದ್ದಾನೆ. ಮಕ್ಕಳು ಅದನ್ನು ನೋಡಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ಚಿತ್ರದ ಇನ್ನೊಂದು ಅರ್ಧ ಚೆನ್ನೈನ ಒಂದು ಚರ್ಚಿನ ಅಂಗಳದಲ್ಲಿ ನೆಲಕ್ಕೆ ಹಾಸಿಕೊಂಡು ಬಿದ್ದಿದೆ. ಇವೆರಡರಲ್ಲಿಯೂ ಇಲ್ಲದವರು ಗಂಜಿಯ ಸಾಲಿನಲ್ಲಿದ್ದವರು. ಅವರಿಗೆ ಗೋಡೆಯ ಚಿತ್ರವೂ ಇಲ್ಲ, ಹೆಸರಿನ ಕಲ್ಲೂ ಇಲ್ಲ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನ ಹೆಸರೂ ನನಗೆ ಮರೆತಿದೆ. ಮೂರನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಎಂಬುದಷ್ಟೇ ನೆನಪು. ಎಂದಾದರೂ ಇದು ಅವನ ಕಣ್ಣಿಗೆ ಬಿದ್ದರೆ, ತಡವಾಗಿಯಾದರೂ ಮೇಷ್ಟರು ಉತ್ತರ ಹುಡುಕಿದರೆಂದು ತಿಳಿದುಕೊಳ್ಳಲಿ. ‘ಕೂತ್ಕೋ’ ಎಂದದ್ದನ್ನು ಮಾತ್ರ ಮರೆತುಬಿಡಲಿ.